ತಂಗಿಯ ರಂಗಪ್ರವೇಶವನ್ನು ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದು, ಮನೆಯಲ್ಲೇ ಪ್ರಿಂಟ್ ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ತಂಗಿಯ ಭರತನಾಟ್ಯ ರಂಗಪ್ರವೇಶ ಇದೆ. ಮನೆಯಲ್ಲಿ ಅಪ್ಪನ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಲೆನ್ಸ್ ಇದೆ. ಕಪ್ಪು ಬಿಳುಪು ಫಿಲ್ಮ್‌ನಲ್ಲಿ ತೆಗೆದು, ಬಚ್ಚಲುಮನೆಯಲ್ಲೇ ಪ್ರಿಂಟ್ ಹಾಕಿ, ಒಂದನ್ನು ಅವಳ ಗುರುಗಳಿಗೆ ಕೊಡುವ ಆಸೆ. ಆಗುತ್ತಾ?

ಆಗುತ್ತೆ. ಆದರೆ ಆ ದಿನಕ್ಕೆ ನೀವೊಬ್ಬರೇ ಫೋಟೋಗ್ರಾಫರ್ ಆಗಬೇಡಿ. ಡಿಜಿಟಲ್‌ನಲ್ಲಿ ತೆಗೆಯುವ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನನ್ನ ಹೆಂಡತಿಯ ಗೆಳತಿಯ ರಂಗಪ್ರವೇಶಕ್ಕೆ ನಾನೊಬ್ಬನೇ ಹೋಗಿದ್ದೆ. ವರ್ಣ, ಅಂದರೆ ಕಾರ್ಯಕ್ರಮದ ನಡುವಿನ ದೊಡ್ಡ ನೃತ್ಯ, ಅರ್ಧಕ್ಕೆ ಬಂದಿತ್ತು. ಕೌಂಟರ್ 36 ದಾಟಿದರೂ ಲಿವರ್ ಆರಾಮಾಗಿ ತಿರುಗುತ್ತಲೇ ಇತ್ತು. ಆಗ ಹೊಟ್ಟೆಯಲ್ಲಿ ಏನೋ ಆಯಿತು. ಫಿಲ್ಮ್‌ನ ತುದಿ ಸ್ಪೂಲ್‌ಗೆ ಸಿಕ್ಕೇ ಇರಲಿಲ್ಲ. ಮೊದಲ ನೃತ್ಯ ಅಲರಿಪುವಿನಿಂದ ಅಲ್ಲಿಯವರೆಗೆ ತೆಗೆದದ್ದೆಲ್ಲ ಗಾಳಿಗೆ. ಆ ಗೆಳತಿ ಈಗಲೂ ನಮ್ಮ ಮನೆಗೆ ಬಂದರೆ ಕ್ಯಾಮೆರಾ ಕಡೆ ನೋಡಿ ನಗುತ್ತಾರೆ. ಹಾಗಾಗಿ ಹಿಂಬದಿ ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಸಡಿಲ ತೆಗೆಯಿರಿ. ಆಮೇಲೆ ಲಿವರ್ ಎಳೆದಾಗ ಆ ಗುಂಡಿ ತಾನೇ ತಿರುಗಿದರೆ ಫಿಲ್ಮ್ ಓಡುತ್ತಿದೆ ಅಂತ ಅರ್ಥ. ಒಂದೊಂದು ರೋಲ್ ಹಾಕಿದಾಗಲೂ ನೋಡಿ.

ನಾನು ವೃತ್ತಿಯವನಲ್ಲ, ಬ್ಯಾಂಕಿನಲ್ಲಿದ್ದವನು. 1980ರ ದಶಕದ ಕೊನೆಯಲ್ಲಿ ಸಂಜೆ ಹೊತ್ತು ಒಂದು ಸ್ಟುಡಿಯೋದ ಡಾರ್ಕ್‌ರೂಮ್‌ನಲ್ಲಿ ಟ್ರೇ ಅಲ್ಲಾಡಿಸುತ್ತಾ ಕಲಿತೆ. ಆಗ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಹೆಸರಿನ ಫಿಲ್ಮ್, ಪೇಪರ್ ಬಳಸುತ್ತಿದ್ದ ಕಾಲ. ಹೆಂಡತಿ ಭರತನಾಟ್ಯ ಕಲಿತವಳು. ಹಾಗಾಗಿ ನೃತ್ಯದ ಫೋಟೋ ಗೀಳು ನನಗೆ ಮದುವೆಯ ಜೊತೆಗೇ ಬಂತು.

ಈಗ ಮುಖ್ಯ ವಿಷಯ. ನಿಮ್ಮದು ಎಸ್‌ಎಲ್‌ಆರ್ ಅಲ್ವಾ? ಗುಂಡಿ ಒತ್ತಿದ ಕೂಡಲೇ ಒಳಗಿನ ಕನ್ನಡಿ ಮೇಲೆ ಹೋಗುತ್ತದೆ, ಕಣ್ಣಿಗೆ ಒಂದು ಕ್ಷಣ ಕತ್ತಲು. ಫಿಲ್ಮ್ ಮೇಲೆ ಬೀಳುವುದು ಅದೇ ಕ್ಷಣ. ಅಂದರೆ ನೀವು ನೋಡದೇ ಇದ್ದದ್ದು ಮಾತ್ರ ಫೋಟೋದಲ್ಲಿ ಬರುತ್ತದೆ. ಭಂಗಿ ಕಣ್ಣಿಗೆ ಚೆನ್ನಾಗಿ ಕಂಡಿತು ಅಂದರೆ ಅದು ಕೈತಪ್ಪಿತು ಅಂತಲೇ ಲೆಕ್ಕ. ಕುಳಿತವರ ಮುಖಕ್ಕೆ ಇದು ಬಾಧಿಸುವುದಿಲ್ಲ. ನೃತ್ಯಕ್ಕೆ ಬಾಧಿಸುತ್ತದೆ. ಹಾಗಾಗಿ ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ.

ನಟ್ಟುವಾಂಗದವರು (ತಾಳ ಹಿಡಿದು ನೃತ್ಯ ನಡೆಸುವವರು) ಜತಿ, ಅಂದರೆ ಹೆಜ್ಜೆಯ ಸೊಲ್ಲುಗಳನ್ನು, ಹೇಳುವುದನ್ನು ಕೇಳಿ. ತೀರ್ಮಾನ, ಅಂದರೆ ಜತಿಯ ಮುಕ್ತಾಯ, ಹತ್ತಿರ ಬಂದಾಗ ಒಂದೇ ಸೊಲ್ಲು ಮೂರು ಸಲ ಬರುವುದು ಸಾಮಾನ್ಯ: ತದಿಂಗಿಣತೊಂ, ತದಿಂಗಿಣತೊಂ, ತದಿಂಗಿಣತೊಂ. ಮೂರನೆಯದು ಮುಗಿಯುವ ಕಡೆ ನರ್ತಕಿ ಭಂಗಿಯಲ್ಲಿ ನಿಲ್ಲುತ್ತಾಳೆ. ಮೊದಲ ಸಲ ಕೇಳಿದಾಗ ಫೋಕಸ್ ನೋಡಿಕೊಳ್ಳಿ. ಎರಡನೇ ಸಲ ಉಸಿರು ಹಿಡಿಯಿರಿ. ಮೂರನೇ ಸಲ ‘ಣ’ ಕೇಳಿದಾಗ ಬೆರಳು ಒತ್ತಿ. ‘ತೊಂ’ಗೆ ಕಾದರೆ ತಡವಾಯಿತು. ಬೆರಳು ಮತ್ತು ಕನ್ನಡಿ ಸೇರಿ ಅಷ್ಟು ಹೊತ್ತು ತಿಂದುಬಿಡುತ್ತವೆ. ಹಾರುವ ಅಡವುಗಳಲ್ಲಿ (ಹೆಜ್ಜೆಗಳಲ್ಲಿ) ಇನ್ನೊಂದು ಅನುಕೂಲ ಇದೆ. ಹಾರಿದವರು ಅತಿ ಎತ್ತರದಲ್ಲಿ ಒಂದು ಚೂರು ನಿಂತ ಹಾಗೆಯೇ ಇರುತ್ತಾರೆ, ಏರುವುದು ಮುಗಿದಿದೆ, ಇಳಿಯುವುದು ಶುರುವಾಗಿಲ್ಲ. ಆಗ ಶಟರ್ 1/125 ಸೆಕೆಂಡ್ ಇದ್ದರೂ ಸಾಕು.

ಇದನ್ನು ಕಲಿಯಲು ಫಿಲ್ಮ್ ಸುಡಬೇಡಿ. ವಾರಕ್ಕೊಂದು ದಿನ ಗುರುಗಳ ಅಪ್ಪಣೆ ಪಡೆದು ತಂಗಿಯ ಕ್ಲಾಸಿಗೆ ಹೋಗಿ. ಖಾಲಿ ಕ್ಯಾಮೆರಾದಲ್ಲೇ ಒತ್ತುತ್ತಾ ಕೂರಿ. ಒತ್ತಿದಾಗ ಭಂಗಿ ಕಂಡಿತಾ, ಕತ್ತಲು ಕಂಡಿತಾ ಅಂತ ನಿಮಗೇ ಗೊತ್ತಾಗುತ್ತದೆ. ಮಕ್ಕಳು ನಗುತ್ತಾರೆ, ನಗಲಿ. ನಮ್ಮ ಕಡೆ ಇನ್ನೊಂದು ಒಳ್ಳೆಯ ಪಾಠಶಾಲೆ ಕಂಸಾಳೆ. ಮಾದಪ್ಪನ ಹಾಡಿನ ಜೊತೆ ಬೀಸು ಕಂಸಾಳೆ ಹಗಲು ಬೆಳಕಿನಲ್ಲಿ ಸಿಕ್ಕರೆ ಬಿಡಬೇಡಿ. ಅಲ್ಲಿ ತಾಳ ಕಂಚಿನಲ್ಲೇ ಕೇಳಿಸುತ್ತದೆ. 1/500ರಲ್ಲಿ ಬೀಸಿದ ತಾಳ ಗಾಳಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ, 1/30ರಲ್ಲಿ ಅದೇ ಒಂದು ಬೆಳ್ಳನೆಯ ಗೆರೆಯಾಗುತ್ತದೆ. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಬೆಳಕಿನ ವಿಷಯ. ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನುವ ಅಳತೆ) 400ರ ಫಿಲ್ಮ್ ತಗೊಳ್ಳಿ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್, ಯಾವುದಾದರೂ ನಡೆಯುತ್ತದೆ. ಸಭಾಂಗಣದೊಳಗೆ ಬೆಳಕು ಅಳೆಯುವ ಮೀಟರನ್ನು 1600ಕ್ಕೆ ಇಟ್ಟು ತೆಗೆದು, ಡೆವಲಪ್ ಮಾಡುವಾಗ ಹೊತ್ತು ಜಾಸ್ತಿ ಕೊಡಬೇಕು. ಇದಕ್ಕೆ ಪುಶ್ ಮಾಡುವುದು ಅನ್ನುತ್ತಾರೆ. ಲೆನ್ಸಿನ ತೆರಪು ಎಫ್ 2, ಶಟರ್ 1/125ರ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಕ್ಯಾಮೆರಾದ ಮೀಟರ್ ಹೇಳಿದ್ದನ್ನು ಹಾಗೇ ಕೇಳಬೇಡಿ. ಹಿಂದೆ ಕಪ್ಪು ಪರದೆ ಇರುತ್ತದಲ್ಲ, ಅದನ್ನು ನೋಡಿ ಮೀಟರ್ ‘ಅಯ್ಯೋ ಕತ್ತಲು’ ಅಂತ ಬೆಳಕು ಸುರಿಯುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ರಿಹರ್ಸಲ್ ದಿನವೇ ವೇದಿಕೆ ಹತ್ತಿ, ತಂಗಿಯ ಕೆನ್ನೆಯ ಹತ್ತಿರ ಕ್ಯಾಮೆರಾ ಹಿಡಿದು ಅಳೆದುಕೊಳ್ಳಿ. ಚೀಟಿಯಲ್ಲಿ ಬರೆದಿಡಿ. ಈಗಿನ ಕೆಲವು ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತವೆ. ಶಟರ್ ಜೋರಾಗಿಟ್ಟರೆ ನೆಗೆಟಿವ್‌ನಲ್ಲಿ ಪಟ್ಟೆ ಬೀಳುತ್ತದೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಒಮ್ಮೆ ಹೊಡೆದು, ತಾಳ ಹಿಡಿದವರು ನನ್ನತ್ತ ನೋಡಿದ ನೋಟ ಇವತ್ತಿಗೂ ನೆನಪಿದೆ.

ಎಲ್ಲಿ ನಿಲ್ಲಬೇಕು? ಮುಂದಿನ ಸಾಲು ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿಂದ ವೇದಿಕೆಯ ಅಂಚು ಪಾದಗಳನ್ನು ನುಂಗಿಬಿಡುತ್ತದೆ. ಅರಮಂಡಿಯಲ್ಲಿ (ಮೊಣಕಾಲು ಮಡಿಸಿ ಅರ್ಧ ಕೂತು) ಹೆಜ್ಜೆ ತಟ್ಟುವವರ ಪಾದವೇ ಇಲ್ಲದಿದ್ದರೆ ಇನ್ನೇನು ಉಳಿಯಿತು? ನಾಲ್ಕೈದು ಸಾಲು ಹಿಂದೆ, ಪಕ್ಕದ ದಾರಿಯಲ್ಲಿ ನಿಲ್ಲಿ. ಅಲ್ಲಿಂದ 50 ಎಂಎಂ ಲೆನ್ಸ್‌ಗೆ ತಂಗಿ ಚಿಕ್ಕದಾಗಿ ಕಾಣುತ್ತಾಳೆ. 85 ಅಥವಾ 135 ಎಂಎಂ ಯಾರಾದರೂ ಎರವಲು ಕೊಟ್ಟರೆ ತಗೊಳ್ಳಿ. ಸಿಗದಿದ್ದರೆ ಚಿಂತೆ ಬೇಡ. ನಿಮ್ಮ 50ಕ್ಕೆ ಹೇಳಿ ಮಾಡಿಸಿದ ಜಾಗ ರಿಹರ್ಸಲ್ ಮತ್ತು ಗ್ರೀನ್‌ರೂಮ್. ಗೆಜ್ಜೆ ಕಟ್ಟುವುದು, ಅಮ್ಮ ಜಡೆಗೆ ಕುಚ್ಚು ಸಿಕ್ಕಿಸುವುದು, ಬೆರಳ ತುದಿಗೆ ಕೆಂಪು ಹಚ್ಚಿ ಒಣಗಲಿ ಅಂತ ಕೈ ಅಗಲಿಸಿ ಕೂತಿರುವುದು. ಬಂದ ಡಿಜಿಟಲ್ ಫೋಟೋಗ್ರಾಫರ್ ಇವನ್ನೆಲ್ಲ ತೆಗೆಯುತ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ರೋಲ್ ಹಂಚಿಕೊಳ್ಳುವ ಲೆಕ್ಕವೂ ಇರಲಿ. ಅಲರಿಪು, ಜತಿಸ್ವರ, ಶಬ್ದಕ್ಕೆ ಒಂದು ರೋಲ್. ವರ್ಣ ಶುರುವಾಗುವ ಮುಂಚೆ, ಹತ್ತು ಫ್ರೇಮ್ ಉಳಿದಿದ್ದರೂ ಸರಿ, ಹೊಸ ರೋಲ್ ಹಾಕಿ. ಎಲ್ಲದರಲ್ಲೂ ಉದ್ದವಾದದ್ದು ಅದು. ನಡುವೆ ಫಿಲ್ಮ್ ಬದಲಾಯಿಸಲು ಕೂತರೆ ಒಳ್ಳೆಯ ತೀರ್ಮಾನ ಹೋಗಿಬಿಡುತ್ತದೆ. ಪದ, ಜಾವಳಿ (ಹಾಡಿನ ಭಾವವನ್ನು ಅಭಿನಯಿಸುವ ನೃತ್ಯಗಳು) ಬಂದಾಗ ಆಟವೇ ಬೇರೆ. ಮೈಸೂರು ಶೈಲಿ ಹೆಸರಾದದ್ದೇ ಅಭಿನಯಕ್ಕೆ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಇವರ ಪರಂಪರೆ ಅದು. ಅಲ್ಲಿ ಸೊಲ್ಲು ಎಣಿಸಿ ಪ್ರಯೋಜನ ಇಲ್ಲ. ಸಾಹಿತ್ಯ ಗೊತ್ತಿರಬೇಕು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಪ್ರತಿ ಸಲ ಭಾವ ಬೇರೆ. ಮೊದಲೇ ತಂಗಿಯನ್ನು ಕೂರಿಸಿ ‘ಈ ಸಾಲಿಗೆ ಏನೇನು ಮಾಡ್ತೀಯಾ’ ಅಂತ ಕೇಳಿಟ್ಟುಕೊಳ್ಳಿ. ಮತ್ತೆ ಆ ಮೌನದಲ್ಲಿ ಎಸ್‌ಎಲ್‌ಆರ್‌ನ ‘ಟಪ್’ ಶಬ್ದ ಇಡೀ ಸಭೆಗೆ ಕೇಳುತ್ತದೆ. ಮೃದಂಗದ ಪೆಟ್ಟಿನ ಜೊತೆಗೆ ಒತ್ತಿ.

ಫಿಲ್ಮ್ ಡೆವಲಪ್ ಮಾಡಲು ಮೈಸೂರಿನಲ್ಲಿ ಡಿಸೆಂಬರ್‌ಗಿಂತ ಒಳ್ಳೆಯ ತಿಂಗಳಿಲ್ಲ. ಬೆಳಿಗ್ಗೆ ನಲ್ಲಿ ನೀರು ಹೆಚ್ಚು ಕಡಿಮೆ 20 ಡಿಗ್ರಿಯ ಹತ್ತಿರವೇ ಇರುತ್ತದೆ. ಎಚ್‌ಪಿ5 ಪ್ಲಸ್‌ಗೆ ಇಲ್ಫರ್ಡ್ ಐಡಿ-11 ಡೆವಲಪರನ್ನು ಮತ್ತೆ ನೀರು ಬೆರೆಸದೆ ಬಳಸಿದರೆ 400ಕ್ಕೆ ಏಳೂವರೆ ನಿಮಿಷ, 1600ಕ್ಕೆ 14 ನಿಮಿಷ, ಎರಡೂ 20 ಡಿಗ್ರಿಯಲ್ಲಿ. ಒಂದು ಡಿಗ್ರಿ ಏರಿದರೆ ಹೊತ್ತನ್ನು ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಸಿ. ನಾನು ಒಂದು ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರನ್ನು ಥರ್ಮಾಮೀಟರ್ ಇಲ್ಲದೆ ಬಳಸಿ, ಇದ್ದಿಲಿನಂಥ ನೆಗೆಟಿವ್ ಪಡೆದೆ. ಸಿದ್ಧ ಪುಡಿ ಸಿಗದಿದ್ದರೆ ಡಿ-76 ಅನ್ನುವ ಡೆವಲಪರನ್ನು ನೀವೇ ಕಲಸಬಹುದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಚಿಟಿಕೆ ಸಲ್ಫೈಟ್ ಹಾಕಿ, ಮೊದಲು ಮೆಟಾಲ್ ಕರಗಿಸಿ, ಆಮೇಲೆ ಉಳಿದದ್ದು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಅಡುಗೆಮನೆಯಿಂದ ತಂದ ಪಾತ್ರೆ, ಚಮಚ ವಾಪಸ್ ಅಡುಗೆಮನೆಗೆ ಹೋಗಬಾರದು.

ಇನ್ನು ಬಚ್ಚಲುಮನೆ. ಕಿಟಕಿಗೆ ಕಪ್ಪು ಬಟ್ಟೆ ಎರಡು ಮಡಿಕೆ, ಬಾಗಿಲ ಸಂದಿಗೆ ಹಳೆಯ ಟವೆಲ್. ಒಳಗೆ ಕೂತು ಐದು ನಿಮಿಷ ಕಳೆದ ಮೇಲೂ ನಿಮ್ಮ ಕೈ ನಿಮಗೇ ಕಾಣಬಾರದು. ಹಳೆಯ ಎನ್‌ಲಾರ್ಜರ್‌ಗಳು (ನೆಗೆಟಿವನ್ನು ದೊಡ್ಡದು ಮಾಡಿ ಪೇಪರ್ ಮೇಲೆ ಬೆಳಕು ಬೀಳಿಸುವ ಯಂತ್ರ) ಮುಚ್ಚಿದ ಸ್ಟುಡಿಯೋಗಳವರ ಅಟ್ಟದಲ್ಲಿ ಇನ್ನೂ ಇರುತ್ತವೆ, ಕೇಳಿ ನೋಡಿ. ಪ್ರಿಂಟ್ ಹಾಕುವಾಗ ಉರಿಸುವ ಕೆಂಪು ಬಲ್ಬ್ ಪೇಪರ್‌ಗೆ ನಿಜವಾಗಿ ಸೇಫ್ ಹೌದಾ ಅಂತ ಪರೀಕ್ಷೆ ಮಾಡಿ. ಪೇಪರ್ ಚೂರಿನ ಮೇಲೆ ಒಂದು ನಾಣ್ಯ ಇಟ್ಟು ಆ ಬೆಳಕಲ್ಲಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ಬಲ್ಬ್ ಬದಲಾಯಿಸಿ. ಪೇಪರ್ ಮೇಲೆ ಬೆಳಕು ಬಿಡುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಹೆದರಬೇಡಿ. ಎಷ್ಟು ಸೆಕೆಂಡ್ ಆಗಿತ್ತು ಅಂತ ನೆನಪಿಟ್ಟು, ಪೇಪರ್ ಅಲುಗಿಸದೆ ಕಾಯಿರಿ. ಬಂದ ಮೇಲೆ ಉಳಿದದ್ದು ಕೊಡಿ.

ಶುರುವಿಗೆ ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರ್ ಸಾಕು, 8×10 ಇಂಚು. ಡೆವಲಪರ್‌ನಲ್ಲಿ ಒಂದು ನಿಮಿಷ, ಡೆವಲಪ್ ಆಗುವುದನ್ನು ನಿಲ್ಲಿಸುವ ಸ್ಟಾಪ್ ಬಾತ್‌ನಲ್ಲಿ ಹತ್ತು ಸೆಕೆಂಡ್, ಆಮೇಲೆ ಚಿತ್ರವನ್ನು ಉಳಿಸುವ ಫಿಕ್ಸರ್. ಹರಿಯುವ ನೀರಲ್ಲಿ ಎರಡು ಮೂರು ನಿಮಿಷ ತೊಳೆದರೆ ಆಯಿತು. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರ್ ತೊಳೆಯಲು ಒಂದು ಗಂಟೆಯಾದರೂ ಬೇಕು. ನಾನು ನೀರು ಉಳಿಸಲು ಹೋಗಿ ಅರೆಬರೆ ತೊಳೆದ ಪ್ರಿಂಟ್‌ಗಳು ಕೆಲವೇ ವರ್ಷದಲ್ಲಿ ಅರಿಶಿನ ಹಚ್ಚಿದಂತೆ ಹಳದಿಯಾದವು.

ಟ್ರೇಯೊಳಗೆ ಬಿಳಿ ಹಾಳೆ ಬಿದ್ದು, ಹತ್ತು ಹದಿನೈದು ಸೆಕೆಂಡಿಗೆ ಮೊದಲು ಕೂದಲು, ಪರದೆ ಮೂಡುತ್ತವೆ. ಆಮೇಲೆ ಸೀರೆ, ಕೊನೆಗೆ ಮುಖ. ಅವತ್ತು ಕನ್ನಡಿ ಮುಚ್ಚಿದ್ದ ಆ ಕ್ಷಣವನ್ನು ನೀವು ದೊಡ್ಡದಾಗಿ ನೋಡುವುದು ಇಲ್ಲೇ. ಎಷ್ಟು ವರ್ಷವಾದರೂ ನನಗೆ ಇದು ಹಳತಾಗಿಲ್ಲ.

ನೃತ್ಯದ ಪ್ರಿಂಟ್‌ನಲ್ಲಿ ತಲೆನೋವು ಕೊಡುವುದು ಕಪ್ಪು. ಪುಶ್ ಮಾಡಿದ ನೆಗೆಟಿವ್‌ನಲ್ಲಿ ಕಾಂಟ್ರಾಸ್ಟ್ ಮೊದಲೇ ಜಾಸ್ತಿ. ಹಾಗಾಗಿ ಮಲ್ಟಿಗ್ರೇಡ್ ಫಿಲ್ಟರ್ (ಪ್ರಿಂಟ್‌ನ ಕಾಂಟ್ರಾಸ್ಟ್ ಏರಿಸಿ ಇಳಿಸುವ ಬಣ್ಣದ ಹಾಳೆ) 2ರಿಂದ ಶುರು ಮಾಡಿ, ಬೇಕಾದರೆ ಒಂದೂವರೆಗೆ ಇಳಿಯಿರಿ. ಜಡೆ ಪರದೆಯೊಳಗೆ ಕರಗಿಹೋಗುತ್ತದೆ, ಪಾದ ನೆಲದೊಳಗೆ. ತಲೆಯ ಮಲ್ಲಿಗೆ, ನೆತ್ತಿಬೊಟ್ಟು ಮಾತ್ರ ಬೆಳ್ಳಗೆ ಉರಿಯುತ್ತವೆ. ಸೈಕಲ್ ಕಡ್ಡಿಯ ತುದಿಗೆ ಒಂದು ರೂಪಾಯಿ ಅಗಲದ ರಟ್ಟು ಅಂಟಿಸಿ, ಎನ್‌ಲಾರ್ಜರ್ ಬೆಳಕು ಬೀಳುವಾಗ ಪಾದದ ಮೇಲೆ ಕೆಲವು ಸೆಕೆಂಡ್ ನೆರಳು ಹಿಡಿಯಿರಿ. ಕಡ್ಡಿ ಅಲ್ಲಾಡುತ್ತಲೇ ಇರಬೇಕು, ಇಲ್ಲದಿದ್ದರೆ ಗುರುತು ಬೀಳುತ್ತದೆ. ಆಮೇಲೆ ಎರಡೂ ಕೈ ಜೋಡಿಸಿ ಸಣ್ಣ ತೂತು ಮಾಡಿ ಒಡವೆಗಳಿಗೆ ಮಾತ್ರ ಹೆಚ್ಚಿನ ಬೆಳಕು ಬಿಡಿ. ಕೆಂಪು ಬೆಳಕಿನಲ್ಲಿ ನಾನು ಹೀಗೆ ಬೆರಳು ತಿರುಚುವುದನ್ನು ನೋಡಿ ಹೆಂಡತಿ ‘ಇದು ಯಾವ ಹಸ್ತ, ನನ್ನ ಗುರುಗಳು ಹೇಳಿಕೊಟ್ಟಿರಲಿಲ್ಲ’ ಅಂದಿದ್ದಳು. ಇನ್ನೊಂದು, ಒದ್ದೆ ಪ್ರಿಂಟ್ ಒಣಗಿದಾಗ ಸ್ವಲ್ಪ ಕಪ್ಪಾಗುತ್ತದೆ. ಟ್ರೇಯಲ್ಲಿ ಸರಿ ಅನಿಸಿದ್ದಕ್ಕಿಂತ ಒಂದು ಚೂರು ತಿಳಿಯಾಗಿಯೇ ಬಿಡಿ.

ಬಣ್ಣದ ಬಗ್ಗೆಯೂ ತಂಗಿಗೆ ಹೇಳಿಡಿ. ಕೆಂಪು ಸೀರೆಗೆ ಹಸಿರು ಅಂಚು ಕಣ್ಣಿಗೆ ಎಷ್ಟು ಚೆಂದ, ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಬೂದಿ ಬಣ್ಣಕ್ಕೆ ಬರಬಹುದು. ಹಾಗಂತ ಫೋಟೋಗಾಗಿ ಸೀರೆ ಬದಲಾಯಿಸು ಅನ್ನಬೇಡಿ, ಮನೆಯಲ್ಲಿ ಜಗಳವಾಗುತ್ತದೆ.

ಗುರುಗಳಿಗೆ ಯಾವುದನ್ನು ಕೊಡಬೇಕು ಅನ್ನುವುದನ್ನು ನೀವು ಆರಿಸಬೇಡಿ. ಎಲ್ಲ ನೆಗೆಟಿವ್‌ಗಳ ಕಾಂಟ್ಯಾಕ್ಟ್ ಶೀಟ್ (ಫ್ರೇಮ್‌ಗಳನ್ನೆಲ್ಲ ಅದೇ ಅಳತೆಯಲ್ಲಿ ಒಂದೇ ಹಾಳೆಗೆ ಹಾಕಿದ ಪ್ರಿಂಟ್) ಮಾಡಿ ತಂಗಿಯ ಮುಂದಿಡಿ. ನಾನು ಒಮ್ಮೆ ಎರಡು ರಾತ್ರಿ ಕೂತು ಒಂದು ಪ್ರಿಂಟ್ ತೆಗೆದೆ. ಬೆಳಕು, ಕಪ್ಪು, ಮುಖ, ಎಲ್ಲ ಒಪ್ಪವಾಗಿತ್ತು. ಹೆಂಡತಿ ಕೈಗೆ ತಗೊಂಡು ಒಂದೇ ಕ್ಷಣ ನೋಡಿದಳು. ‘ಎಡ ಮೊಣಕೈ ಬಿದ್ದಿದೆ’ ಅಂದಳು. ಅದು ಈಗ ಬೀರುವಿನ ಹಿಂದೆ ಇದೆ.