ವಾಗ್ದಾನದ ಕಾರ್ಡು, ವೇಲಾಂಕಣಿಯ ಹರಕೆ

ಪ್ರಶ್ನೆ: ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ನನಗೆ ಸಿಕ್ಕ ವಾಗ್ದಾನದ ಕಾರ್ಡಿನಲ್ಲಿ (ಹೊಸ ವರ್ಷಕ್ಕೆಂದು ಒಬ್ಬೊಬ್ಬರಿಗೂ ಕೊಡುವ ಬೈಬಲ್ ವಚನದ ಚೀಟಿ) ಯೆರೆಮೀಯ 29:11 ಇತ್ತು: ನಿಮಗೆ ಹಿತವನ್ನೇ ಯೋಚಿಸಿದ್ದೇನೆ, ಮುಂದೆ ಒಳ್ಳೆಯದಿದೆ ಎಂಬ ದೇವರ ಮಾತು. ಅದನ್ನೇ ನಂಬಿ ಸಾಲ ಮಾಡಿ ಅಂಗಡಿ ಇಟ್ಟೆ. ಎಂಟೇ ತಿಂಗಳಿಗೆ ಬಾಗಿಲು ಹಾಕಬೇಕಾಯಿತು. ದೇವರ ಮಾತು ಸುಳ್ಳಾಯಿತೇ, ನನ್ನ ನಂಬಿಕೆ ಸಾಲದೇ ಹೋಯಿತೇ?

ಉತ್ತರ: ಎರಡೂ ಅಲ್ಲ. ಕಾರ್ಡಿನಲ್ಲಿ ಅಚ್ಚಾಗುವುದು 11ನೇ ವಚನ ಮಾತ್ರ. 10ನೆಯದರಲ್ಲಿ ಗಡುವು ಇದೆ: ಬಾಬೆಲಿಗೆ (ಬ್ಯಾಬಿಲೋನಿಗೆ) 70 ವರ್ಷ ತುಂಬಿದ ಮೇಲೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಸೆರೆ ಒಯ್ದಿದ್ದ ಜನರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದು ಕಳಿಸಿದ ಕಾಗದ ಅದು. ಅದನ್ನು ಕೇಳಿಸಿಕೊಂಡ ನಡುವಯಸ್ಸಿನವರಿಗೆ ಮತ್ತೆ ಊರು ಕಾಣುವ ಆಸೆ ಇರಲಿಲ್ಲ. ಅದಕ್ಕೇ 5ರಿಂದ 7ನೇ ವಚನಗಳಲ್ಲಿ, ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಸೆರೆಯಿಟ್ಟ ಊರಿಗಾಗಿಯೂ ಪ್ರಾರ್ಥಿಸಿ ಎಂದಿದೆ.

28ನೇ ಅಧ್ಯಾಯವನ್ನೂ ಓದಿ. ಹನನ್ಯನೆಂಬ ಸುಳ್ಳು ಪ್ರವಾದಿ, ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಕಿತ್ತು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲೇ ಸಾರಿದ. ಜನಕ್ಕೆ ಬೇಕಿದ್ದದ್ದೂ ಅದೇ. ನಿಮ್ಮ ಕೈಗೆ ಬಂದ ಕಾರ್ಡು ಯೆರೆಮೀಯನದು, ನೀವು ಓದಿಕೊಂಡದ್ದು ಹನನ್ಯನದು.

ಮುಂದಿನ ಸಲ ಕಾರ್ಡು ಸಿಕ್ಕರೆ ಮನೆಗೆ ಬಂದು ಇಡೀ ಅಧ್ಯಾಯ ಓದಿ. ಮಾತು ಯಾರಿಗೆ ಹೇಳಿದ್ದು, ಷರತ್ತು ಇದೆಯೇ, ಗಡುವು ಇದೆಯೇ ನೋಡಿ. ಆಮೇಲೆ ಅದೇ ಮಾತನ್ನು ಹೊಸ ಒಡಂಬಡಿಕೆ ಎಲ್ಲ ವಿಶ್ವಾಸಿಗಳಿಗೂ ಹಂಚಿದೆಯೇ ಎಂದು ಹುಡುಕಿ. ಯೆಹೋಶುವನಿಗೆ ಹೇಳಿದ ‘ಕೈಬಿಡುವುದಿಲ್ಲ’ (ಯೆಹೋಶುವ 1:5) ಇಬ್ರಿಯರಿಗೆ 13:5ರಲ್ಲಿ ನಮಗೂ ಬಂದಿದೆ. ಆ ವಚನ ಶುರುವಾಗುವುದು ಮಾತ್ರ ಹಣದಾಸೆ ಬೇಡ ಎಂಬಲ್ಲಿಂದ! ಅದರಲ್ಲಿ ಲಾಭದ ಮಾತಿಲ್ಲ, ಜೊತೆಗಿರುವ ಮಾತಿದೆ. ಒಂಟಿ ವಚನ ಹಿಡಿದು ಜಿಗಿ ಎನ್ನುವ ಉಪಾಯ ಮೊದಲು ಯಾರದೆಂದು ಮತ್ತಾಯ 4:6ರಲ್ಲಿದೆ. ದೇವಾಲಯದ ತುದಿಯಿಂದ ಜಿಗಿ ಎಂದು ಯೇಸುವಿಗೆ ಹೇಳಲು ಕೀರ್ತನೆ 91ನ್ನು ಸೈತಾನನೂ ಬಾಯಿಪಾಠ ಮಾಡಿದ್ದ.

ಪ್ರಶ್ನೆ: ಯಜಮಾನರು ಐಸಿಯುನಲ್ಲಿದ್ದಾಗ, ಉಳಿದರೆ ಐದು ವರ್ಷ ಬೆಂಗಳೂರಿನಿಂದ ತಮಿಳುನಾಡಿನ ವೇಲಾಂಕಣಿ ಮಾತೆಯ ಚರ್ಚಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹರಕೆ ಹೊತ್ತೆ. ಅವರು ಉಳಿದರು. ಎರಡು ವರ್ಷ ನಡೆದೆ. ಈಗ ಮಂಡಿ ಆಪರೇಷನ್ ಆಗಿದೆ, ನಡೆಯಲೇಬೇಡಿ ಎನ್ನುತ್ತಾರೆ ಡಾಕ್ಟರು. ಉಳಿದ ಮೂರು ವರ್ಷ ಮಗನನ್ನು ಕಳಿಸಲೇ?

ಉತ್ತರ: ಮಗನ ಮೇಲೆ ಹೊರಿಸಬೇಡಿ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1193ನೇ ಕಲಂ ಪ್ರಕಾರ ಹರಕೆ ಹೊತ್ತವರನ್ನಷ್ಟೇ ಕಟ್ಟುತ್ತದೆ. ಹೆದರಿ ಹೊತ್ತದ್ದು ಹರಕೆಯೇ ಅಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನೂ ನಂಬಬೇಡಿ. 1191ನೇ ಕಲಂ ಹರಕೆಯನ್ನು ರದ್ದು ಮಾಡುವುದು ಅನ್ಯಾಯದ ಗಂಭೀರ ಭಯಕ್ಕೆ, ಅಂದರೆ ಒಬ್ಬರು ಬೆದರಿಸಿ ಮಾಡಿಸಿದ್ದಕ್ಕೆ. ಕಾಯಿಲೆಯ ದಿಗಿಲು ಅದಲ್ಲ. ಮನಸ್ಸಾರೆ ಹೊತ್ತಿದ್ದೀರಿ, ಅದು ಹರಕೆಯೇ.

ಆದರೆ ಬಾಗಿಲು ಮುಚ್ಚಿಲ್ಲ. 1197ರ ಪ್ರಕಾರ ಸ್ವಂತದ ಹರಕೆಯನ್ನು ಅಷ್ಟೇ ತೂಕದ ಅಥವಾ ಇನ್ನೂ ಒಳ್ಳೆಯದಕ್ಕೆ ನೀವೇ ಬದಲಿಸಿಕೊಳ್ಳಬಹುದು. ಹಗುರವಾದದ್ದಕ್ಕೆ ಬದಲಿಸುವುದಾದರೆ ಅಥವಾ ಪೂರ್ತಿ ಬಿಡುಗಡೆ ಬೇಕಾದರೆ ನಿಮ್ಮ ವಿಚಾರಣಾ ಗುರುಗಳ (ನಿಮ್ಮ ಚರ್ಚಿನ ಪಾದ್ರಿಗಳ) ಹತ್ತಿರ ಹೋಗಿ. 1196 ಆ ಅಧಿಕಾರವನ್ನು ಅವರಿಗೆ ಕೊಟ್ಟಿದೆ, ಧರ್ಮಾಧ್ಯಕ್ಷರವರೆಗೆ (ಬಿಷಪ್) ಹೋಗಬೇಕಿಲ್ಲ. ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಹೇಳಿದ ಮಾತನ್ನು ಇದ್ದಂತೆಯೇ ಚೀಟಿಯಲ್ಲಿ ಬರೆದುಕೊಳ್ಳಿ: ಬರಿಗಾಲು ಅಂದಿರಾ, ಸೆಪ್ಟೆಂಬರ್ 8ರ ಹಬ್ಬಕ್ಕೇ ಅಂದಿರಾ, ಐದು ವರ್ಷ ಸತತವಾಗಿ ಅಂದಿರಾ? ಎಷ್ಟೋ ಸಲ ಬರೆದು ನೋಡಿದಾಗ, ಹೇಳದೇ ಇದ್ದದ್ದೂ ವರ್ಷ ಕಳೆದಂತೆ ತಲೆಯಲ್ಲಿ ಸೇರಿಕೊಂಡಿರುವುದು ಗೊತ್ತಾಗುತ್ತದೆ. ರೈಲಿನಲ್ಲಿ ಹೋಗಿ ಒಂಬತ್ತು ದಿನ ಉಪವಾಸವಿದ್ದು ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಮುಂತಾದ ಬದಲಿಯನ್ನು ನೀವೇ ಸೂಚಿಸಿ. ಔಷಧಿಯ ಜೊತೆ ಉಪವಾಸ ನಡೆಯುತ್ತದೆಯೇ ಎಂದು ಮಾತ್ರ ಡಾಕ್ಟರನ್ನು ಮೊದಲೇ ಕೇಳಿ.

ಒಂದೇ ಎಚ್ಚರಿಕೆ. ಹರಕೆಯ ಜೊತೆ ಯಾವುದಾದರೂ ಅನಾಥಾಲಯಕ್ಕೆ ಇಷ್ಟು ಕೊಡುತ್ತೇನೆಂದು ಅವರಿಗೇ ಮಾತು ಕೊಟ್ಟು ಅದು ಅವರ ಹಕ್ಕಾಗಿದ್ದರೆ, ಗುರುಗಳೂ ಅದನ್ನು ಮನ್ನಾ ಮಾಡಲಾರರು.

ಪ್ರಶ್ನೆ: ಭಾವನ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿದ್ದೇನೆ. ಈಗ ಭಯ. ಮಾತು ತಪ್ಪುವುದು ಪಾಪವಲ್ಲವೇ?

ಉತ್ತರ: ಹೇಳದೆ ಕೇಳದೆ ತಪ್ಪಿಸಿಕೊಳ್ಳುವುದು ಬೇರೆ, ಮಾತಿನಿಂದ ಬಿಡಿಸು ಎಂದು ಎದುರಿಗೆ ಕೇಳುವುದು ಬೇರೆ. ಜ್ಞಾನೋಕ್ತಿಗಳು 6:1–5 ಹೇಳುವುದು ಎರಡನೆಯದನ್ನು: ತಗ್ಗಿ ಹೋಗು, ಕಾಡಿ ಬೇಡು, ಅಲ್ಲಿಯವರೆಗೆ ಕಣ್ಣಿಗೆ ನಿದ್ದೆ ಬೇಡ. ಸಹಿ ಬಿದ್ದ ಮೇಲೆ ಲೆಕ್ಕವೇ ಬೇರೆ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆಗ ನಷ್ಟವಾದರೂ ಮಾತಿಗೆ ನಿಲ್ಲುವ 15ನೇ ಕೀರ್ತನೆಯೇ ನಿಮಗೆ ಅನ್ವಯ. ಬ್ಯಾಂಕಿನವರು ಕಾಗದ ಸಿದ್ಧಮಾಡುವ ಮುಂಚೆ, ಇವತ್ತು ಸಂಜೆಯೇ ಭಾವನ ಮನೆಗೆ ಹೋಗಿ ಬನ್ನಿ. ಫೋನಿನಲ್ಲಿ ಬೇಡ.