ಡೆಟ್‌ನಲ್ಲಿ ‘ಬಿ’ ಯಾಕಿದೆ?

‘ಸಾಲ’ ಎನ್ನುವ ಅರ್ಥದ ಇಂಗ್ಲಿಷ್ ಪದವನ್ನು (debt) ಡೆಬ್ಟ್ ಅನ್ನಬೇಕೋ ಡೆಟ್ ಅನ್ನಬೇಕೋ, ಆ ‘ಬಿ’ ಯಾಕಿದೆ ಅಂತ ಕೇಳಿದ್ದೀರಿ. ಡೆಟ್ ಸರಿ. ‘ಬಿ’ ಬಾಯಿಗೆ ಬರಲೇಬಾರದು.

ಇಂಗ್ಲಿಷಿಗೆ ಇದು ಹಳೆಯ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಮೂಲ ಲ್ಯಾಟಿನ್ನಿನ ‘ಡೆಬಿಟಮ್’ ನೆನಪಾಗಲಿ ಎಂದು ಪಂಡಿತರು ಆಮೇಲೆ ಬರವಣಿಗೆಯಲ್ಲಿ ಅದನ್ನು ಸೇರಿಸಿದರು. ಜನರ ನಾಲಿಗೆ ಮಾತ್ರ ಬದಲಾಗಲಿಲ್ಲ. ಬ್ಯಾಂಕಿನ ‘ಡೆಬಿಟ್’ ಕೂಡ ಅದೇ ಬೇರಿನದು, ಅಲ್ಲಿ ‘ಬಿ’ ಉಚ್ಚರಿಸುತ್ತೇವೆ. ಒಂದೇ ಮನೆಯ ಎರಡು ಮಕ್ಕಳು ನೋಡಿ!

ಡೌಟ್ ಕಥೆಯೂ ಇದೇ. ನಾವು ‘ಡೌಟು’ ಅನ್ನುವಾಗ ತಾನಾಗಿಯೇ ಸರಿಯಾಗಿ ಹೇಳುತ್ತೇವೆ, ಏಕೆಂದರೆ ಅದನ್ನು ಕಿವಿಯಿಂದ ಕಲಿತೆವು. ಪುಸ್ತಕದಿಂದ ಕಲಿತ ಪದಗಳಲ್ಲೇ ಎಡವುವುದು: ‘ಸೂಕ್ಷ್ಮ’ ಅರ್ಥದ್ದು ಸಟಲ್, ಸಬ್ಟಲ್ ಅಲ್ಲ. ನಲ್ಲಿ ರಿಪೇರಿಯವರು ಪ್ಲಮರ್, ಪ್ಲಂಬರ್ ಅಲ್ಲ. ರಿಸೀಟ್‌ನಲ್ಲಿ ‘ಪಿ’ ಬರೆಯುತ್ತೇವೆ, ಉಚ್ಚರಿಸುವುದಿಲ್ಲ.

ಬರೆದಂತೆ ಓದುವ ಕನ್ನಡದ ಅಭ್ಯಾಸ ನಮಗಿದೆ. ಹಾಗಾಗಿ ಹೊಸ ಪದ ಸಿಕ್ಕರೆ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಮೊದಲು ಕೇಳಿ, ಎರಡು ಸಲ ಜೋರಾಗಿ ಹೇಳಿ, ಸ್ಪೆಲ್ಲಿಂಗ್ ಆಮೇಲೆ ನೋಡಿ. ಇಂಟರ್‌ವ್ಯೂಗೆ ಮುಂಚೆ ಈ ನಾಲ್ಕೈದು ಪದಗಳನ್ನು ಹೀಗೇ ಅಭ್ಯಾಸ ಮಾಡಿಕೊಳ್ಳಿ.