ಅರ್ಧ ಮುಖ ಕಪ್ಪು, ಪಿಕ್ಚರ್ ಟ್ಯೂಬ್ ಸರಿಯಾಗಿಯೇ ಇತ್ತು

ಕಳೆದ ತಿಂಗಳು ಈ ಅಂಕಣದಲ್ಲಿ ಬಾಯಿ ತಪ್ಪಿ ಒಂದು ವಿಷಯ ಬರೆದುಬಿಟ್ಟೆ. ಬದಿಯಡ್ಕದ ನನ್ನ ಹಳೆಯ ಟಿ.ವಿ. ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಸಂಜೆ ನಾಲ್ಕೈದು ಮಂದಿ ಸೇರಿ ‘ಸ್ಟಾರ್ ಟ್ರೆಕ್’ನ ಹಳೆಯ ಕಂತುಗಳನ್ನು ಮತ್ತೆ ನೋಡುತ್ತೇವೆ, ಒಂದು ಗಂಟೆ ನೋಡಿದರೆ ಎರಡು ಗಂಟೆ ಜಗಳವಾಡುತ್ತೇವೆ ಎಂದು. ಇನ್ವರ್ಟರ್, ಸ್ಟೆಬಿಲೈಸರ್ ಬಗ್ಗೆ ಬರುವ ಪತ್ರಗಳೆಲ್ಲ ಈ ಸಲ ಕೆಳಗೆ ಬಿದ್ದು, ಮೇಲೆ ಬರೀ ಕ್ಯಾಪ್ಟನ್ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್. ಗೊತ್ತಿಲ್ಲದವರಿಗಾಗಿ: ಇದು ಅಮೆರಿಕದಲ್ಲಿ 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರ ತನಕ ಬಂದ 79 ಕಂತುಗಳ ಸರಣಿ. ನಮ್ಮ ದೂರದರ್ಶನ ಅದನ್ನು ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ತೋರಿಸುತ್ತಿತ್ತು. ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆ, ಅದರ ಕ್ಯಾಪ್ಟನ್ ಕರ್ಕ್, ಅವನ ಸಹಾಯಕ ಅಧಿಕಾರಿ ಸ್ಪಾಕ್, ವೈದ್ಯ ಮೆಕಾಯ್, ಒಳಗೆ ನೂರಾರು ಮಂದಿ, ವಾರಕ್ಕೊಂದು ಗ್ರಹ. ಇಷ್ಟು ಸಾಕು.

ಪ್ರಶ್ನೆ: ಕಾಲದ ಬಾಗಿಲಿನ ಕಂತಿನಲ್ಲಿ ಕರ್ಕ್ ಎಡಿತ್ ಕೀಲರ್‌ಳನ್ನು ಕಣ್ಣೆದುರೇ ಸಾಯಲು ಬಿಡುತ್ತಾನೆ. ಅವಳನ್ನೂ ತಮ್ಮ ಜೊತೆ ಭವಿಷ್ಯಕ್ಕೆ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು? ನಿಮ್ಮ ಕೋಣೆಯಲ್ಲಿ ಇದಕ್ಕೆ ಏನು ತೀರ್ಮಾನ?
— ಅಡಿಕೆ ಕೃಷಿಕ, ಹವ್ಯಾಸಿ ಅರ್ಥಧಾರಿ, ನೀರ್ಚಾಲು

ತಾವು ಅರ್ಥಧಾರಿ ಎಂದು ಬರೆದುಕೊಂಡದ್ದು ಒಳ್ಳೆಯದಾಯಿತು, ಅರ್ಧ ಕೆಲಸ ಉಳಿಯಿತು. ವೇಷವಿಲ್ಲದೆ ಕುಳಿತು, ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟುವ ತಾಳಮದ್ದಳೆಯಲ್ಲಿ ಪದ್ಯ ಬಿಟ್ಟು ಅರ್ಥ ಹೇಳುವ ಹಾಗಿಲ್ಲವಲ್ಲ? ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ವಾದಿಸುವ ನಮ್ಮ ಕೋಣೆಯಲ್ಲೂ ಅದೇ ಕಟ್ಟಳೆ. ಪರದೆಯ ಮೇಲೆ ಬಂದದ್ದು ಪದ್ಯ. ಆಮೇಲೆ ಬಂದ ಕಾದಂಬರಿ, ಸಂದರ್ಶನ, ನಟ ಎಲ್ಲೋ ಹೇಳಿದ ಮಾತು, ಯಾವುದೂ ಸಾಕ್ಷಿಗೆ ಬರುವುದಿಲ್ಲ.

ಪದ್ಯ ಏನು ಹೇಳುತ್ತದೆ? ಮದ್ದಿನ ಅಮಲಿನಲ್ಲಿ ಮೆಕಾಯ್ ಕಾಲದ ಬಾಗಿಲಿನೊಳಗೆ ಹಾರಿ 1930ರ ನ್ಯೂಯಾರ್ಕಿಗೆ ಬೀಳುತ್ತಾನೆ. ಅಲ್ಲಿ ಬಡವರಿಗೆ ಗಂಜಿಕೇಂದ್ರ ನಡೆಸುವ ಎಡಿತ್‌ಳನ್ನು ಅಪಘಾತದಿಂದ ಉಳಿಸುತ್ತಾನೆ. ಬದುಕಿದ ಅವಳು ಶಾಂತಿ ಚಳವಳಿ ಕಟ್ಟುತ್ತಾಳೆ, ಅಮೆರಿಕ ಯುದ್ಧಕ್ಕೆ ಇಳಿಯುವುದು ತಡವಾಗುತ್ತದೆ, ಜರ್ಮನಿಗೆ ಅಣುಬಾಂಬು ಮೊದಲು ಸಿಗುತ್ತದೆ. ಅದನ್ನು ಸರಿಪಡಿಸಲು ಕರ್ಕ್ ಮತ್ತು ಸ್ಪಾಕ್ ಹಿಂದೆಯೇ ಹೋಗುತ್ತಾರೆ. ಹೋಗುವ ಮೊದಲು ಆ ಬಾಗಿಲು ಹೇಳುವ ಷರತ್ತು ಒಂದೇ: ಕೆಲಸ ಗೆದ್ದರೆ ಮಾತ್ರ ಮರಳುವಿರಿ. ಎಂದರೆ ಎಡಿತ್ ಬದುಕಿರುವಷ್ಟು ಹೊತ್ತು ಇವರಿಗೆ ಬಾಗಿಲೇ ಇಲ್ಲ. ಇಲ್ಲದ ಬಾಗಿಲಿನಿಂದ ಅವಳನ್ನು ಕರೆದುಕೊಂಡು ಹೋಗುವುದು ಹೇಗೆ? ತಮ್ಮ ವಾದ ಅಲ್ಲಿಗೆ ಬಿತ್ತು. ಬೇಸರಿಸಬೇಡಿ, ನಮ್ಮಲ್ಲೂ ಒಬ್ಬರು ಅದನ್ನೇ ಹೂಡಿ ಆ ದಿನದ ಚಹಾದ ಖರ್ಚು ಹೊತ್ತಿದ್ದಾರೆ.

ಗಟ್ಟಿ ವಾದ ಬೇರೆ ಇದೆ. ಸ್ಪಾಕ್ ಆ 1930ರಲ್ಲಿ ಕುಳಿತು ರೇಡಿಯೊ ವಾಲ್ವುಗಳನ್ನು ಜೋಡಿಸಿ, ವಾಚು ರಿಪೇರಿಯ ಸಣ್ಣ ಹತಾರಗಳನ್ನು ಕೇಳದೆ ತೆಗೆದುಕೊಂಡು, ಬಾಡಿಗೆ ಕೋಣೆಯಲ್ಲಿ ಒಂದು ಸರ್ಕಿಟ್ ಕಟ್ಟುತ್ತಾನೆ. ನನಗೆ ಇಡೀ ಸರಣಿಯಲ್ಲಿ ಅದಕ್ಕಿಂತ ಪ್ರಿಯವಾದ ದೃಶ್ಯ ಇಲ್ಲ. ಮಂಚದ ತುಂಬ ತಂತಿ, ನಡುವೆ ಮಿನುಗುವ ವಾಲ್ವು, ಬಾಗಿಲು ತೆರೆದವರಿಗೆ ಕಾಲಿಡಲು ಜಾಗವಿಲ್ಲ. ನನ್ನ ಮನೆಯವಳು ಅದನ್ನು ನೋಡಿ ‘ಇದು ನಮ್ಮ ಕೋಣೆಯಲ್ಲವೇ’ ಎಂದಿದ್ದಳು. ಆದರೆ ಆ ಸರ್ಕಿಟ್ ಏನು ತೋರಿಸುತ್ತದೆ? ಮೊದಲು ಎರಡು ವಾರ್ತೆ. ಒಂದರಲ್ಲಿ ಎಡಿತ್ 1930ರಲ್ಲಿಯೇ ಸತ್ತಿದ್ದಾಳೆ, ಇನ್ನೊಂದರಲ್ಲಿ 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರನ್ನು ಭೇಟಿಯಾಗುತ್ತಾಳೆ. ಅಷ್ಟರಲ್ಲಿ ಹೊಗೆ. ಆಮೇಲೆ ಸರಿಮಾಡಿ ಮತ್ತೊಮ್ಮೆ ನೋಡುತ್ತಾರೆ, ನಿಜ. ಆದರೂ ಬೀದಿಯ ಸಾಮಾನಿನಿಂದ ಕಟ್ಟಿದ, ಒಮ್ಮೆ ಸುಟ್ಟ ಸರ್ಕಿಟ್. ಅದರ ರೀಡಿಂಗ್ ನಂಬಿ ನಾನು ಗಿರಾಕಿಯ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕೂಡ ಬದಲಿಸುವುದಿಲ್ಲ. ಅದನ್ನು ನಂಬಿ ಒಂದು ಹೆಣ್ಣಿನ ಪ್ರಾಣ ಬಿಡಬಹುದೇ? ಮೆಕಾಯ್ ಪಾತ್ರ ವಹಿಸಿದ ನಮ್ಮ ಗೆಳೆಯರು ಈ ಒಂದೇ ಎಳೆ ಹಿಡಿದು ನನ್ನ ಕರ್ಕನನ್ನು ಮುಕ್ಕಾಲು ಗಂಟೆ ಅಲುಗಾಡಲು ಬಿಡಲಿಲ್ಲ.

ವಾಲಿವಧೆ ಕೇಳಿದವರಿಗೆ ಇದು ಹೊಸದಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಿದ್ದಲ್ಲಿಂದಲೇ ಪ್ರಶ್ನೆ ಎಸೆಯುತ್ತಿದ್ದಾಗ ರಾಮನ ಪಾತ್ರಧಾರಿಗೆ ಬೆವರು ಬರುತ್ತಿತ್ತು. ವ್ಯತ್ಯಾಸ ಒಂದೇ: ರಾಮ ಉತ್ತರ ಹೇಳಲೇಬೇಕು, ಕರ್ಕ್ ಮೆಕಾಯ್‌ನನ್ನು ಹಿಡಿದು ನಿಲ್ಲಿಸಿ, ಕಣ್ಣು ಮುಚ್ಚಿ, ಬಾಯಿ ಬಿಡುವುದಿಲ್ಲ. ಮೆಕಾಯ್ ಕೇಳಿದ್ದಕ್ಕೆ ಅವನ ಪರವಾಗಿ ಸ್ಪಾಕ್ ಎರಡು ಮಾತು ಆಡುತ್ತಾನೆ, ಅಷ್ಟೇ. ಹಾರ್ಲನ್ ಎಲಿಸನ್ ಬರೆದ ಮೂಲ ಪ್ರತಿಯಲ್ಲಿ ಕರ್ಕ್‌ಗೆ ಆ ಗಟ್ಟಿತನವೂ ಇಲ್ಲ, ತಡೆಯುವ ಕೆಲಸ ಸ್ಪಾಕ್‌ನದು. ಆ ಪಾಠಾಂತರವೇ ಮೇಲು ಎನ್ನುವವರು ಇದ್ದಾರೆ. ನಾನು ಅಲ್ಲ. ತೀರ್ಮಾನ ಕೇಳಿದಿರಿ: ಆಗಿಲ್ಲ, ಮಳೆಗಾಲ ಮುಗಿದ ಮೇಲೆ ಮತ್ತೆ ಇಟ್ಟುಕೊಂಡಿದ್ದೇವೆ. ತಾವೂ ಬನ್ನಿ, ಕರ್ಕ್ ಪಾತ್ರ ಖಾಲಿ ಇದೆ.

ಪ್ರಶ್ನೆ: ಕೆಂಪು ಅಂಗಿ ತೊಟ್ಟವರು ಮಾತ್ರ ಸಾಯುತ್ತಾರೆ ಎಂಬುದು ನಿಜವೇ ಅಣ್ಣ?
— ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ನನಗೆ ಇಪ್ಪತ್ತು ವರ್ಷ ಅವರ ಅಂಗಿ ಕೆಂಪು ಎಂದೇ ಗೊತ್ತಿರಲಿಲ್ಲ ತಂಗಿ. ಕಪ್ಪು ಬಿಳುಪು ಸೆಟ್ಟಿನಲ್ಲಿ ಕೆಂಪೂ ನೀಲಿಯೂ ಒಂದೇ ಬೂದಿ ಬಣ್ಣ. ಯಾರು ಸಾಯುತ್ತಾರೆ ಎಂದು ಮೊದಲೇ ತಿಳಿಯುವ ಸೌಕರ್ಯ ನಮಗಿರಲಿಲ್ಲ. ನೌಕೆಯ ಎಂಜಿನಿಯರ್ ಸ್ಕಾಟಿ, ಸಂಪರ್ಕ ಅಧಿಕಾರಿ ಉಹುರಾ ಇಬ್ಬರೂ ಕೆಂಪಿನವರೇ, ಇಬ್ಬರೂ ಕೊನೆಯ ತನಕ ಇದ್ದಾರೆ (ಸ್ಕಾಟಿ ಒಮ್ಮೆ ಸತ್ತು ಎದ್ದು ಬಂದ, ಅದು ಬೇರೆ). ಇನ್ನೊಂದು ತಮಾಷೆ: ಕರ್ಕ್‌ನ ಚಿನ್ನದ ಬಣ್ಣದ ಅಂಗಿ ನಿಜವಾಗಿ ಹಸಿರು ಬಟ್ಟೆ, ದೀಪದಲ್ಲೂ ಫಿಲ್ಮಿನಲ್ಲೂ ಚಿನ್ನವಾಯಿತು. ಅಷ್ಟು ಢಾಳು ಬಣ್ಣ ಯಾಕೆ ಎಂದರೆ, ಪ್ರಸಾರ ಮಾಡಿದ ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದು, ಅದು ಮಾರುತ್ತಿದ್ದದ್ದು ಕಲರ್ ಟಿ.ವಿ. ಅಂಗಡಿಯವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಅರ್ಧ ಮುಖ ಕಪ್ಪು, ಅರ್ಧ ಬಿಳಿ ಇರುವ ಇಬ್ಬರು ಜಗಳವಾಡುವ ಕಂತು ಬರೀ ಉಪದೇಶ ಎಂದು ನನ್ನ ಮಗ ಹೇಳುತ್ತಾನೆ. ನನಗೆ ಇಷ್ಟ. ಯಾರು ಸರಿ?
— ನಿವೃತ್ತ ಅಧ್ಯಾಪಕಿ, ಪೆರ್ಲ

ಮಗನೇ ಸರಿ ಟೀಚರ್, ಕ್ಷಮಿಸಿ. ಕೊನೆಯಲ್ಲಿ ಇಬ್ಬರೂ ನೌಕೆಯೊಳಗೆ ಓಡುವುದು ಮುಗಿಯುವುದೇ ಇಲ್ಲ. ಆದರೆ ನಾನೂ ತಮ್ಮ ಪಕ್ಷ, ಕಾರಣ ಬೇರೆ.

ತೋಟದ ನಡುವಿನ ಒಂದು ಮನೆ. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ನಾನು ಮೇಲಿನಿಂದ ‘ಬಂತಾ?’, ಒಳಗಿನಿಂದ ‘ಹೋಯಿತು!’, ಹೀಗೆ ಅರ್ಧ ಗಂಟೆ. ಕಡೆಗೂ ಚಿತ್ರ ನಿಂತು ನಾನು ಇಳಿದು ಬಂದರೆ ಯಜಮಾನರ ಮುಖ ಗಂಟು. ‘ಏನು ರಿಪೇರಿ ಇದು? ಮನುಷ್ಯನ ಅರ್ಧ ಮುಖ ಕಪ್ಪಾಗಿಯೇ ಇದೆ, ಟ್ಯೂಬು ಹೋಗಿದೆ.’ ಇಬ್ಬರ ಮುಖವೂ ಹಾಗೆಯೇ ಇದೆ, ಉಳಿದವರದು ಸರಿ ಇದೆ ಎಂದು ನಾನು. ಆಗ ಅವರ ಹತ್ತು ವರ್ಷದ ಮೊಮ್ಮಗಳು ನೆಲದಲ್ಲಿ ಕುಳಿತಲ್ಲಿಂದ ಹೇಳಿದಳು: ‘ಹಾಗೆಯೇ ಅಲ್ಲ. ಒಬ್ಬನಿಗೆ ಬಲ ಕಪ್ಪು, ಇನ್ನೊಬ್ಬನಿಗೆ ಎಡ.’ ಕಂತಿನಲ್ಲಿ ಕರ್ಕ್‌ಗೂ ಸ್ಪಾಕ್‌ಗೂ ಅದು ಗೊತ್ತಾಗುವುದಿಲ್ಲ, ಬೀಲ್ ಎಂಬವನು ತನ್ನ ಮುಖ ತೋರಿಸಿ ಹೇಳಬೇಕಾಗುತ್ತದೆ. ಐವತ್ತು ಸಾವಿರ ವರ್ಷ ಅಟ್ಟಿಸಿಕೊಂಡು ಬಂದದ್ದು ಅಷ್ಟಕ್ಕೆ. ಹುಡುಗಿ ಮಾತ್ರ ಅವನಿಗಿಂತ ಮೊದಲೇ ಹಿಡಿದಿದ್ದಳು.

ಈ ಸರಣಿ ಅಲ್ಲಿ ಆರಂಭವಾದ ಮರುತಿಂಗಳೇ, 1966ರ ಅಕ್ಟೋಬರಿನಲ್ಲಿ, ಇಲ್ಲಿ ರಾಜ್ಯಗಳ ಗಡಿ ತಕರಾರು ತೀರಿಸಲು ಮಹಾಜನ ಆಯೋಗ ನೇಮಕವಾಯಿತು. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಾವು ಮೈಸೂರು (ಈಗಿನ ಕರ್ನಾಟಕ) ರಾಜ್ಯದ ಕಡೆಗೆ ಎಂದು ಮರುವರ್ಷ ವರದಿ ಹೇಳಿತು, ಉಳಿದದ್ದು ಕೇರಳದಲ್ಲೇ. ಇಂದಿಗೂ ಮಂಗಳೂರಿನಲ್ಲಿ ನಾನು ಬಾಯಿ ತೆರೆದರೆ ‘ನೀವು ಕೇರಳದವರಾ?’, ಕಣ್ಣೂರಿನಲ್ಲಿ ‘ಕನ್ನಡದವರಾ?’. ಹಾಗಾಗಿ ಎಡಬಲದ ಆ ಕಂತು ಬಂದಾಗ ನಮ್ಮ ಕೋಣೆಯಲ್ಲಿ ಯಾರೂ ಎದ್ದು ಹೋಗುವುದಿಲ್ಲ.

ಪ್ರಶ್ನೆ: 2006ರಲ್ಲಿ ಕಂಪ್ಯೂಟರ್ ಚಿತ್ರ ಸೇರಿಸಿ ಹೊಸದು ಮಾಡಿದ್ದಾರಲ್ಲ, ಅದನ್ನು ನೋಡಬೇಕೋ ಹಳೆಯದೋ?
— ಕುಂಬಳೆಯ ಓದುಗ

ಹಳೆಯದು. ಮನುಷ್ಯರು ಮಿನುಗಿ ಮಾಯವಾಗುವ ಆ ಮಿಣಿಮಿಣಿ ಏನು ಗೊತ್ತೇ? ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ, ಕ್ಯಾಮೆರಾ ತಲೆಕೆಳಗೆ ಇಟ್ಟು ತೆಗೆದದ್ದು. ವಾರವಾರ ನೌಕೆ ಇಳಿಸಿ ತೋರಿಸಲು ದುಡ್ಡಿಲ್ಲದೆ ಹುಟ್ಟಿದ ಉಪಾಯ. ಹನ್ನೊಂದು ಅಡಿ ಉದ್ದದ ಎಂಟರ್‌ಪ್ರೈಸ್ ಮಾದರಿಗೆ ಎಡಬದಿಯಲ್ಲಿ ವಯರು ನೇತಾಡುತ್ತಿದ್ದುದರಿಂದ ಹೆಚ್ಚಾಗಿ ಬಲಬದಿಯೇ ಕಾಣುತ್ತದೆ. ವಯರು ಗೋಡೆಯ ಕಡೆಗೆ ಮಾಡಿ ಸೆಟ್ಟು ಇಡುವವರು ನಾವು, ಇದನ್ನು ಒರೆಸಿ ಹಾಕಿದರೆ ನನಗೆ ನೋವಾಗುತ್ತದೆ.

ಪ್ರಶ್ನೆ: ಎಲ್ಲಕ್ಕಿಂತ ಕೆಟ್ಟ ಕಂತು?
— ಹೆಸರು ಬೇಡ, ಬದಿಯಡ್ಕ

ಅಕ್ಷರ ನೋಡಿದರೆ ನಮ್ಮ ಕೋಣೆಯವರೇ, ಇರಲಿ. ಮೂರನೆಯ ವರ್ಷದ ಮೊದಲ ಕಂತು. ಯಾರೋ ಸ್ಪಾಕ್‌ನ ಮೆದುಳನ್ನೇ ಕದ್ದೊಯ್ಯುತ್ತಾರೆ, ಇವರು ಹುಡುಕಿ ತರುತ್ತಾರೆ. ಮೆಕಾಯ್ ಮೆದುಳು ಮರಳಿ ಜೋಡಿಸುತ್ತಿರುವಾಗ ನಡುವೆ ಕೈ ಸೋತರೆ, ತಲೆ ತೆರೆದು ಮಲಗಿರುವ ಸ್ಪಾಕ್ ತಾನೇ ಮುಂದಿನ ಹಂತ ಹೇಳಿಕೊಡುತ್ತಾನೆ. ಜಗತ್ತೆಲ್ಲ ನಗುವ ದೃಶ್ಯ. ನನಗೆ ನಗು ಬರುವುದಿಲ್ಲ. ಸೆಟ್ಟು ತೆರೆದು ಕುಳಿತಿರುವಾಗ ‘ಅದಲ್ಲ, ಆ ಕೆಂಪು ವಯರು’ ಎಂದು ಹೆಗಲ ಮೇಲಿನಿಂದ ಬಗ್ಗಿ ಹೇಳುವ ಗಿರಾಕಿಗಳನ್ನು ನಾನು ಮೂವತ್ತು ವರ್ಷ ಸಹಿಸಿದ್ದೇನೆ. ಅವರಲ್ಲಿ ಒಬ್ಬರು ಹೇಳಿದ್ದು ಒಮ್ಮೆ ಸರಿಯೂ ಆಗಿತ್ತು. ಈ ಪತ್ರ ಬರೆದವರೇ.